ಕದ್ರುವಿನ ತತ್ತಿಗಳು: ನಾಗಕಲ್ಪನೆಯಲ್ಲಿ ಜೀವಶಾಸ್ತ್ರದ ಅಂಶ

೧

ತುಂಗಭದ್ರಾ ತೀರದ ಹರಿಹರದಲ್ಲಿರುವ ಹರಿಹರೇಶ್ವರ ದೇವಾಲಯವು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನಿಂದ ಕ್ರಿ. ಶ. ೧೨೨೪ರ ಸುಮಾರಿನಲ್ಲಿ ನಿರ್ಮಿತವಾಯಿತೆಂಬುದು ಇತಿಹಾಸಜ್ಞರಿಗೆ ವಿದಿತವಾದ ವಿಷಯ. ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ಕೂಡಿರುವುದು ಈ ಕ್ಷೇತ್ರದ ವೈಶಿಷ್ಟ್ಯ. ಹರನಿಗೆ ಸರ್ಪವು ಆಭರಣ. ಹರಿಗೆ ಸರ್ಪಗಳ ವೈರಿಯಾದ ಗರುಡನು ವಾಹನ. ಪುರಾಣದ ಪ್ರಕಾರ ನಾಗರೂ ಗರುಡನೂ ಕಶ್ಯಪನೆಂಬ ಒಬ್ಬನೇ ತಂದೆಯ ಮಕ್ಕಳು, ತತ್ತಿಯೊಡೆದು ಹುಟ್ಟಿದವರು, ದಾಯಾದಿಗಳು. ಆ ದಾಯಾದಿಗಳ ಸ್ವಾಮಿಗಳು ಇಲ್ಲಿ ಒಂದೇ ಮೈಯಾಗಿ ನಿಂತಿದ್ದಾರೆ.

ದೇವಾಲಯದಿಂದ ಹೊರಟು ಹೊಲಗದ್ದೆಗಳ ಕಡೆಗೆ ತಿರುಗಿದರೆ ನಾಗನ ಇನ್ನೊಂದು ರೂಪವು ಎದುರಾಗುತ್ತದೆ. ಹರಿಹರ ತಾಲ್ಲೂಕಿನ ಬಹುಭಾಗವು ಭದ್ರಾ ನಾಲೆಯ ಅಚ್ಚುಕಟ್ಟು. ಬತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು ಎಂಬುದು ಕೊಕ್ಕನೂರಿನಂಥ ಗ್ರಾಮಗಳ ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಶ್ರಾವಣ ಶುದ್ಧ ಪಂಚಮಿಯಂದು ಈ ಸೀಮೆಯ ಹೆಂಗಸರು ಯಾವ ಹುತ್ತಕ್ಕೆ ಹಾಲೆರೆದು ಕೈಮುಗಿಯುವರೋ ಅದೇ ಹುತ್ತದ ಪಕ್ಕದ ಬದುವಿನ ಮೇಲೆ ಮಾರನೆಯ ದಿನ ಕಳೆ ಕೀಳಲು ಬರಿಗಾಲಿನಲ್ಲಿ ನಡೆಯುವರು. ಪೂಜೆಯ ನಾಗನೂ ಗದ್ದೆಯ ಹಾವೂ ಅವರ ಜೀವನದಲ್ಲಿ ಹೀಗೆ ಬೆರೆತುಹೋಗಿವೆ.

ನಾಗನ ಹುಟ್ಟು, ತತ್ತಿ, ಹಲ್ಲು, ವಿಷ, ಆಯುಸ್ಸು ಇವುಗಳ ವಿಷಯವಾಗಿ ನಮ್ಮ ಪುರಾಣ, ನಿಘಂಟು, ವೈದ್ಯಗ್ರಂಥಗಳಲ್ಲಿ ವಿಸ್ತಾರವಾದ ಹೇಳಿಕೆಗಳಿವೆ. ಇವುಗಳನ್ನು ಕಟ್ಟುಕಥೆಯೆಂದು ತಳ್ಳಿಹಾಕುವವರು ಒಂದು ಕಡೆ, ಪೂರ್ವಿಕರು ಎಲ್ಲವನ್ನೂ ಕಂಡು ಹೇಳಿದರೆಂದು ಶಿರಸಾವಹಿಸುವವರು ಮತ್ತೊಂದು ಕಡೆ. ಈ ಎರಡು ಮಾರ್ಗಗಳೂ ಪಠ್ಯವನ್ನು ಓದುವ ಮಾರ್ಗಗಳಲ್ಲ. ಈ ಕಲ್ಪಿತ ಜೀವಶಾಸ್ತ್ರದಲ್ಲಿ ಕಣ್ಣಿನಿಂದ ಕಂಡುದೆಷ್ಟು, ಎಣಿಕೆಯ ಅಂದಕ್ಕಾಗಿ ಸೇರಿಸಿದುದೆಷ್ಟು, ನೀತಿಯನ್ನು ಬೋಧಿಸಲು ಹೇಳಿದುದೆಷ್ಟು ಎಂಬುದನ್ನು ಬಿಡಿಸಿ ನೋಡುವುದೇ ವಿದ್ವಾಂಸರಿಗೂ ಉಪಾಧ್ಯಾಯರಿಗೂ ಉಚಿತವಾದುದು. ಹೀಗೆ ಬಿಡಿಸುವುದರಲ್ಲಿ ಸಾಹಿತ್ಯಕ್ಕಿಂತ ಹೆಚ್ಚಿನ ಪ್ರಯೋಜನವೂ ಇರುವುದು ಮುಂದೆ ಸ್ಪಷ್ಟವಾಗುವುದು.

೨

ಪಾಶ್ಚಾತ್ಯರ ಕಥೆಗಳಲ್ಲಿ ಬರುವ, ರೆಕ್ಕೆಯುಳ್ಳ, ಬೆಂಕಿಯುಗುಳುವ ಡ್ರ್ಯಾಗನ್ ಎಂಬ ಪ್ರಾಣಿಗೆ ಕನ್ನಡದಲ್ಲಿ ಸಹಜವಾದ ಹೆಸರಿಲ್ಲ. ಬೈಬಲಿನ ಕನ್ನಡ ಭಾಷಾಂತರದಲ್ಲಿ ಅದಕ್ಕೆ 'ಘಟಸರ್ಪ'ವೆಂಬ ಶಬ್ದವು ಬಳಕೆಯಾಗಿದೆ. ಈ ಶಬ್ದದ ನೇರವಾದ ಅರ್ಥ ಕೊಡದೊಳಗಿನ ಹಾವು. ಸತ್ಯಪರೀಕ್ಷೆಗಾಗಿ ಹಾವಿರುವ ಕೊಡದಲ್ಲಿ ಕೈಯಿಡಿಸುವ ದಿವ್ಯವನ್ನು ಅದು ನೆನಪಿಗೆ ತರುತ್ತದೆ. ಕ್ರಮೇಣ ಭಯಂಕರವಾದ ಮಹಾಸರ್ಪವೆಂಬ ಅರ್ಥವೂ ಅದಕ್ಕೆ ಒದಗಿತು. ಕೊಡಕ್ಕೂ ಹಾವಿಗೂ ಇರುವ ನಂಟು ಮಹಾಭಾರತದ ಆದಿಪರ್ವದಲ್ಲಿ ಬೇರೊಂದು ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದರಿಂದ ಇನ್ನೊಂದು ಬಂದಿತೆಂದು ಹೇಳಲು ಆಧಾರವಿಲ್ಲದಿದ್ದರೂ ಈ ಸಾಮ್ಯವು ಮನೋಹರವಾಗಿದೆ.

ಆಸ್ತೀಕಪರ್ವದ ಆ ಕಥೆ ಪ್ರಸಿದ್ಧವಾದುದು. ಕಶ್ಯಪನು ವರವನ್ನು ಕೊಡಲು ಕದ್ರುವು ಸಮಾನತೇಜಸ್ಸುಳ್ಳ ಸಾವಿರ ನಾಗರನ್ನೂ, ವಿನತೆಯು ಅವರನ್ನು ಮೀರಿಸುವ ಇಬ್ಬರನ್ನೂ ಬೇಡಿದರು. ಬಹುಕಾಲದ ಮೇಲೆ ಕದ್ರುವು ಸಾವಿರ ತತ್ತಿಗಳನ್ನೂ ವಿನತೆಯು ಎರಡನ್ನೂ ಇಟ್ಟರು. ದಾಸಿಯರು ಅವುಗಳನ್ನು ಪಾತ್ರೆಗಳಲ್ಲಿ ಇರಿಸಿದರು. ಐನೂರು ವರ್ಷ ಕಳೆದ ಮೇಲೆ ಕದ್ರುವಿನ ಮಕ್ಕಳು ಹೊರಬಂದರು. ವಿನತೆಯ ತತ್ತಿಗಳು ಒಡೆಯಲಿಲ್ಲ. ನಾಚಿಕೆಯಿಂದಲೂ ಆತುರದಿಂದಲೂ ಆಕೆ ಒಂದನ್ನು ತಾನೇ ಒಡೆದಳು. ಒಳಗಿದ್ದ ಮಗನಿಗೆ ಮೇಲುಭಾಗವು ತುಂಬಿತ್ತು, ಕೆಳಭಾಗವು ಮೂಡಿರಲಿಲ್ಲ. ಅವನು ತಾಯಿಯನ್ನು ಸವತಿಗೆ ದಾಸಿಯಾಗೆಂದು ಶಪಿಸಿ, ಇನ್ನೂ ಐನೂರು ವರ್ಷ ತಾಳಿದರೆ ಎರಡನೆಯ ಮಗನು ಬಿಡಿಸುವನೆಂದು ಹೇಳಿ, ಸೂರ್ಯನ ಸಾರಥಿಯಾದ ಅರುಣನಾದನು. ಅಮರಕೋಶದಲ್ಲಿ ಅವನಿಗೆ 'ಅನೂರು', ಎಂದರೆ ತೊಡೆಗಳಿಲ್ಲದವನು, ಎಂಬ ಹೆಸರಿದೆ. ಎರಡನೆಯ ತತ್ತಿಯು ಕಾಲಕ್ಕೆ ಸರಿಯಾಗಿ ತಾನೇ ಒಡೆದು ಗರುಡನು ಹುಟ್ಟಿದನು.

ಈ ಕಥೆಯಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು ಪಾತ್ರೆಗಳ ವಿಶೇಷಣ. ಮೂಲದಲ್ಲಿ ಅವು 'ಸೋಪಸ್ವೇದ'ವೆಂದು ಹೇಳಲ್ಪಟ್ಟಿವೆ. ಸ್ವೇದವೆಂದರೆ ಬೆವರು, ಬಿಸಿಯೂ ತೇವವೂ ಕೂಡಿದುದು. ಹಕ್ಕಿಯ ಮೊಟ್ಟೆಯ ಚಿಪ್ಪು ಗಡುಸಾದುದರಿಂದ ಅದಕ್ಕೆ ಮುಖ್ಯವಾಗಿ ಬೇಕಾದುದು ಕಾವು. ಹಾವಿನ ತತ್ತಿಯ ಹೊದಿಕೆಯಾದರೋ ತೊಗಲಿನಂತೆ ಮೆತ್ತಗಿದ್ದು ಸುತ್ತಲಿನ ತೇವವನ್ನು ಹೀರಿಕೊಳ್ಳುತ್ತದೆ. ಒಣಗಿದರೆ ಒಳಗಿನ ಜೀವವು ಸಾಯುತ್ತದೆ. ಗೆದ್ದಲು ಕಟ್ಟಿದ ಹುತ್ತವನ್ನು ಹಾವು ಆಶ್ರಯಿಸುವುದಕ್ಕೆ ಅಲ್ಲಿನ ತಂಪೂ ತೇವವೂ ಸಮನಾಗಿರುವುದೊಂದು ಕಾರಣ. ಹೆಬ್ಬಾವಿನ ಹೆಣ್ಣು ತತ್ತಿಗಳನ್ನು ಸುತ್ತಿಕೊಂಡು ಮಲಗಿ, ಸ್ನಾಯುಗಳನ್ನು ಅದುರಿಸಿ ಕಾವನ್ನು ಒದಗಿಸುತ್ತದೆ. ಕಾಳಿಂಗಸರ್ಪವು ತರಗೆಲೆಗಳನ್ನು ಮೈಯಿಂದ ಒಟ್ಟುಮಾಡಿ ಗೂಡುಕಟ್ಟಿ, ಅದರೊಳಗೆ ಇಪ್ಪತ್ತು ನಲವತ್ತು ತತ್ತಿಗಳನ್ನಿಟ್ಟು ಕಾಯುತ್ತದೆ. ಕದ್ರುವಿನ ದಾಸಿಯರ ಪಾತ್ರೆಯು ಹೀಗೆ ಬಿಲದ, ಹುತ್ತದ, ಎಲೆಗೂಡಿನ ಪ್ರತಿರೂಪವಾಗಿದೆ. ಕಾವೂ ತೇವವೂ ಕೂಡಿರಬೇಕೆಂಬುದನ್ನು ಬಲ್ಲವನೇ ಈ ವಿಶೇಷಣವನ್ನು ಬಳಸಬಲ್ಲನು.

ಎರಡನೆಯದು ಅರುಣನ ಶರೀರ. ಅಕಾಲದಲ್ಲಿ ಒಡೆದ ತತ್ತಿಯಲ್ಲಿ ಕವಿಯು ಯಾವ ವಿಕಾರವನ್ನಾದರೂ ಕಲ್ಪಿಸಬಹುದಾಗಿತ್ತು: ಒಂದು ಕಣ್ಣು, ಒಂದು ರೆಕ್ಕೆ, ಬಲವಿಲ್ಲದ ಮೈ. ಆದರೆ ಆತನು ತಲೆಯ ಕಡೆ ತುಂಬಿ ಕಾಲಿನ ಕಡೆ ಮೂಡದಿರುವ ರೂಪವನ್ನೇ ಆರಿಸಿಕೊಂಡಿದ್ದಾನೆ. ಭ್ರೂಣವು ಬೆಳೆಯುವ ಕ್ರಮವೂ ಇದೇ. ಇಪ್ಪತ್ತೊಂದು ದಿನ ಕಾವು ಬೇಕಾದ ಕೋಳಿಯ ಮೊಟ್ಟೆಯನ್ನು ನಾಲ್ಕನೆಯ ದಿನ ಒಡೆದು ನೋಡಿದರೆ ದೊಡ್ಡ ತಲೆ, ಕಪ್ಪಾದ ಕಣ್ಣು, ಮಿಡಿಯುವ ಹೃದಯ ಇವು ಕಾಣುತ್ತವೆ. ಕಾಲುಗಳು ಇನ್ನೂ ಮೊಗ್ಗುಗಳಂತಿರುತ್ತವೆ. ಗ್ರೀಸಿನ ಅರಿಸ್ಟಾಟಲನು ಕಾವು ಕೂರಿಸಿದ ಮೊಟ್ಟೆಗಳ ಒಳಗನ್ನು ದಿನಕ್ರಮದಲ್ಲಿ ನೋಡಿ ಮೊದಲು ಮಿಡಿಯುವ ರಕ್ತಬಿಂದುವನ್ನು ವರ್ಣಿಸಿರುವುದು ಪ್ರಸಿದ್ಧವಾಗಿದೆ. ಆತನು ಪರೀಕ್ಷಕನ ಬುದ್ಧಿಯಿಂದ ನೋಡಿದುದನ್ನು ವಿನತೆ ತಾಯಿಯ ಸಂಕಟದಿಂದ ನೋಡಿದಳು. ಕಾವಿನ ಕೋಳಿಯ ಕೆಳಗಿನ ಮೊಟ್ಟೆ ಕೈತಪ್ಪಿ ಒಡೆದಾಗ ಯಾವ ಹಳ್ಳಿಯ ಹೆಂಗಸಾದರೂ ಕಾಣಬಹುದಾದ ನೋಟವಿದು. ಕಥೆಗೆ ಅಡಿಗಲ್ಲಾದುದು ಇಂಥ ನೋಟವೇ ಇರಬೇಕು. ಅದರ ಮೇಲೆ ತಾಳ್ಮೆಯೆಂಬ ನೀತಿಯೂ, ಐನೂರು, ಸಾವಿರ ಎಂಬ ಎಣಿಕೆಯೂ ನಿಂತಿವೆ.

ಯೂರೋಪಿನಲ್ಲಿ ಮಧ್ಯಯುಗದ ಜನರು ತತ್ತಿಯನ್ನು ಕುರಿತು ಹೆಣೆದ ಕಥೆಯೊಡನೆ ಇದನ್ನು ಹೋಲಿಸಬಹುದು. ಹುಂಜವು ಇಟ್ಟ ಮೊಟ್ಟೆಗೆ ಕಪ್ಪೆಯೋ ಹಾವೋ ಕಾವು ಕೊಟ್ಟರೆ ನೋಟದಿಂದಲೇ ಕೊಲ್ಲುವ ಬ್ಯಾಸಿಲಿಸ್ಕ್ ಎಂಬ ಘೋರಜಂತು ಹುಟ್ಟುವುದೆಂದು ಅವರು ನಂಬಿದ್ದರು. ೧೪೭೪ರಲ್ಲಿ ಬಾಸೆಲ್ ನಗರದಲ್ಲಿ ಮೊಟ್ಟೆಯಿಟ್ಟಿತೆಂಬ ಅಪರಾಧಕ್ಕಾಗಿ ಒಂದು ಹುಂಜವನ್ನು ವಿಚಾರಣೆಗೊಳಪಡಿಸಿ, ಮೊಟ್ಟೆಯೊಡನೆ ಸುಟ್ಟರು. ಅಲ್ಲಿ ತತ್ತಿಯು ಪ್ರಕೃತಿಯ ಕ್ರಮವು ಕೆಟ್ಟುದರ ಗುರುತು. ವಿನತೆಯ ಕಥೆಯಲ್ಲಿ ಪ್ರಕೃತಿಯು ತನ್ನ ಕ್ರಮವನ್ನು ಬಿಡದೆ ನಡೆಯುವುದರ ಗುರುತು. ಕೆಟ್ಟದ್ದು ತತ್ತಿಯಲ್ಲ, ಅದನ್ನು ಕಾಯಲಾರದ ಮನಸ್ಸು.

೩

ಆದಿಪರ್ವದ ಕಥೆಯು ಕಾವ್ಯ. ಅಗ್ನಿಪುರಾಣದಲ್ಲಿ ಬರುವ ಸರ್ಪಲಕ್ಷಣವಾದರೋ ಶಾಸ್ತ್ರದ ಧಾಟಿಯದು. ಅದರ ಪ್ರಕಾರ ಸರ್ಪಗಳ ಸಮಾಗಮಕಾಲವು ಆಷಾಢದಿಂದ ಮೂರು ತಿಂಗಳು. ಗರ್ಭವು ನಾಲ್ಕು ತಿಂಗಳು. ಹೆಣ್ಣು ಇಡುವ ತತ್ತಿಗಳು ಇನ್ನೂರನಲವತ್ತು. ಹುಟ್ಟಿದುದರಲ್ಲಿ ಹೆಚ್ಚಿನ ಪಾಲನ್ನು ಸರ್ಪಗಳೇ ನುಂಗುತ್ತವೆ. ಮರಿಗೆ ಏಳನೆಯ ದಿನ ಕಣ್ಣು ತೆರೆಯುತ್ತದೆ; ಇಪ್ಪತ್ತು ದಿನಗಳಲ್ಲಿ ಮೂವತ್ತೆರಡು ಹಲ್ಲುಗಳು ಮೂಡುತ್ತವೆ. ಅವುಗಳಲ್ಲಿ ಕರಾಳೀ, ಮಕರೀ, ಕಾಳರಾತ್ರೀ, ಯಮದೂತಿಕಾ ಎಂಬ ನಾಲ್ಕು ವಿಷದ ಕೋರೆಗಳು ಎಡಬಲಗಳಲ್ಲಿರುತ್ತವೆ. ಆರು ತಿಂಗಳಿಗೆ ಪೊರೆ ಕಳಚುತ್ತದೆ. ಆಯುಸ್ಸು ನೂರಿಪ್ಪತ್ತು ವರ್ಷ.

ಈ ಲಕ್ಷಣವನ್ನು ನಾಗರಹಾವಿನ ನಿಜವಾದ ಜೀವನದೊಡನೆ ಇಟ್ಟು ನೋಡಬೇಕು. ನಾಗರಹಾವು ಸಾಮಾನ್ಯವಾಗಿ ಬೇಸಗೆಯಿಂದ ಮಳೆಯ ಆರಂಭದವರೆಗಿನ ಕಾಲದಲ್ಲಿ ಹತ್ತರಿಂದ ಮೂವತ್ತರವರೆಗೆ ತತ್ತಿಗಳನ್ನಿಡುತ್ತದೆ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿ ದೊಡ್ಡ ಹಾವುಗಳು ಹೊರಬರುವುದೂ, ಹೊಸ ಮರಿಗಳು ಕಾಣುವುದೂ ಒಂದೇ ಸಮಯವಾದುದರಿಂದ ಆಷಾಢ ಶ್ರಾವಣಗಳನ್ನು ಸರ್ಪಗಳ ಋತುವೆಂದು ಭಾವಿಸಿದುದು ಸಹಜವೇ. ನಾಗರಪಂಚಮಿಯು ಅದೇ ಋತುವಿನಲ್ಲಿ ಬರುವುದೂ ಗಮನಾರ್ಹವಾಗಿದೆ. ಹಾವು ಹಾವನ್ನು ನುಂಗುವುದೆಂಬ ಮಾತೂ ನಿರಾಧಾರವಲ್ಲ. ಕಾಳಿಂಗಸರ್ಪದ ಮುಖ್ಯ ಆಹಾರವೇ ಇತರ ಹಾವುಗಳು. ನಾಲ್ಕು ಕೋರೆಗಳೆಂಬುದಕ್ಕೂ ಕಾರಣವನ್ನು ಊಹಿಸಬಹುದು: ವಿಷದ ಹಲ್ಲು ಎಡಕ್ಕೊಂದು ಬಲಕ್ಕೊಂದೇ ಆದರೂ, ಅವು ಉದುರಿದರೆ ಆ ಸ್ಥಾನಕ್ಕೆ ಬರಲು ಹಿಂದೆಯೇ ಬೇರೆ ಹಲ್ಲುಗಳು ಸಿದ್ಧವಾಗಿರುತ್ತವೆ. ಸತ್ತ ಹಾವಿನ ಬಾಯನ್ನು ತೆರೆದು ನೋಡಿದವನಿಗೆ ಒಂದೊಂದು ಕಡೆ ಎರಡೆರಡು ಕಂಡಿದ್ದರೆ ಆಶ್ಚರ್ಯವಿಲ್ಲ.

ಸಂಖ್ಯೆಗಳ ವಿಷಯವು ಬೇರೆ. ಮೂವತ್ತೆರಡು ಹಲ್ಲುಗಳಿರುವುದು ಮನುಷ್ಯನಿಗೆ. ನೂರಿಪ್ಪತ್ತು ವರ್ಷವೆಂಬುದು ಜ್ಯೋತಿಷ್ಯದ ವಿಂಶೋತ್ತರಿ ದಶೆಗಳು ಕೂಡಿ ಬರುವ ಮೊತ್ತ; ಮನುಷ್ಯನ ಪೂರ್ಣಾಯುಸ್ಸೆಂದು ಎಣಿಸಲ್ಪಟ್ಟುದು. ಇನ್ನೂರನಲವತ್ತು ಅದರ ಇಮ್ಮಡಿ. ಏಳನೆಯ ದಿನ ಕಣ್ಣು ತೆರೆಯುವುದೆಂಬ ಮಾತು ನಾಯಿ ಬೆಕ್ಕುಗಳ ಮರಿಗಳನ್ನು ಕಂಡು ಬಂದಿರಬೇಕು. ಹಾವಿಗೆ ರೆಪ್ಪೆಯೇ ಇಲ್ಲದುದರಿಂದ ತೆರೆಯುವ ಪ್ರಶ್ನೆಯು ಏಳುವುದಿಲ್ಲ. ಎಲ್ಲಿ ಕಣ್ಣಿಗೆ ಕಂಡುದು ಮುಗಿಯುವುದೋ ಅಲ್ಲಿ ಶಾಸ್ತ್ರಕಾರನು ತನಗೆ ತಿಳಿದ ಮನೆಯ ಅಳತೆಗೋಲನ್ನೇ ಹಾವಿಗೂ ಹಿಡಿದಿದ್ದಾನೆ. ಆದುದರಿಂದಲೇ ಪುರಾಣದ ನಾಗನು ಪೊರೆಯೊಳಗಿನ ಮನುಷ್ಯನಂತೆ ತೋರುತ್ತಾನೆ.

೪

ನಿಘಂಟುಗಳಲ್ಲಿ ಹಾವಿಗಿರುವ ಪರ್ಯಾಯಪದಗಳು ಒಂದೊಂದೂ ಒಂದೊಂದು ಸಣ್ಣ ಸಿದ್ಧಾಂತವೆಂಬುದನ್ನು ತರಗತಿಯಲ್ಲಿ ವಿವರಿಸಿದರೆ ವಿದ್ಯಾರ್ಥಿಗಳಿಗೆ ಪದಗಳು ಸಜೀವವಾಗುವುವು. ಅಮರಕೋಶದ 'ಚಕ್ಷುಃಶ್ರವಸ್' ಎಂದರೆ ಕಣ್ಣಿನಿಂದ ಕೇಳುವುದು. ಹಾವಿಗೆ ಹೊರಗಿವಿಯಿಲ್ಲವೆಂಬ ನೋಟ ಸರಿ. ಕಣ್ಣೇ ಕಿವಿಯೆಂಬ ಊಹೆ ತಪ್ಪು. ಅದು ನೆಲದ ಕಂಪನವನ್ನು ದವಡೆಯ ಮೂಳೆಯ ಮೂಲಕ ಒಳಗಿವಿಗೆ ಮುಟ್ಟಿಸಿಕೊಳ್ಳುತ್ತದೆ. 'ಪವನಾಶನ'ವೆಂದರೆ ಗಾಳಿಯನ್ನು ಉಣ್ಣುವುದು. ವಾರಗಟ್ಟಲೆ ಆಹಾರವಿಲ್ಲದೆ ಇರಬಲ್ಲುದೆಂಬುದನ್ನು ಕಂಡವರ ಮಾತು. 'ಗೂಢಪಾದ್' ಎಂದರೆ ಅಡಗಿದ ಕಾಲುಳ್ಳದ್ದು. ಹೆಬ್ಬಾವಿನ ಗುದದ್ವಾರದ ಇಕ್ಕೆಲಗಳಲ್ಲಿ ಹಿಂಗಾಲಿನ ಅವಶೇಷವಾದ ಉಗುರುಗಳು ಇಂದಿಗೂ ಇವೆ. ಹಾವಿನ ಪೂರ್ವಜರಿಗೆ ಕಾಲುಗಳಿದ್ದುವೆಂಬುದನ್ನು ಈಗಿನ ಶಾಸ್ತ್ರವು ಸ್ಥಾಪಿಸಿದೆ.

ವೈದ್ಯರ ವಿಂಗಡಣೆಯು ಇನ್ನೂ ನಿಷ್ಕೃಷ್ಟವಾದುದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹಾವುಗಳು ದರ್ವೀಕರ, ಮಂಡಲಿ, ರಾಜಿಮಂತ, ನಿರ್ವಿಷ, ವೈಕರಂಜವೆಂದು ವಿಭಾಗಿಸಲ್ಪಟ್ಟಿವೆ. ಸೌಟಿನಂಥ ಹೆಡೆಯುಳ್ಳದ್ದು ನಾಗರ. ಮೈಮೇಲೆ ಮಂಡಲಗಳುಳ್ಳದ್ದು ಕನ್ನಡಿಗರ ಕೊಳಕುಮಂಡಲ. ಗೆರೆಗಳುಳ್ಳದ್ದು ಕಟ್ಟುಹಾವಿನ ಜಾತಿ. ಗ್ರಂಥದ ಮಂಡಲವು ಆಡುಮಾತಿನ ಹೆಸರಿನಲ್ಲಿಯೂ ಉಳಿದಿರುವುದು ಭಾಷಾಜ್ಞರಿಗೆ ಸ್ವಾರಸ್ಯವಾದ ಸಂಗತಿ. ಆದರೆ ಕೊಳಕುಮಂಡಲವು ತತ್ತಿಯಿಡದೆ ಮರಿಗಳನ್ನೇ ಹಾಕುವುದರಿಂದ ಸರ್ಪಗಳೆಲ್ಲ ಅಂಡಜಗಳೆಂಬ ಸಾಮಾನ್ಯ ನಿಯಮಕ್ಕೆ ಅದು ಹೊರಗಾಗಿದೆ. ವೈಕರಂಜವೆಂದರೆ ಬೆರಕೆಯ ಹಾವು. ನಾಗರಹಾವೂ ಕೇರೆಯೂ ಕೂಡುವುವೆಂದು ನಮ್ಮ ಹಳ್ಳಿಗಳಲ್ಲಿ ಈಗಲೂ ಹೇಳುವ ಮಾತು ಇದೇ ಭಾವನೆಗೆ ಸೇರಿದುದು. ಹೆಣೆದುಕೊಂಡು ಮೇಲೇಳುವ ಹಾವುಗಳ ಜೋಡಿಯು ಅನೇಕ ವೇಳೆ ಎರಡು ಗಂಡು ಕೇರೆಗಳ ಕಾಳಗವಾಗಿರುತ್ತದೆ; ನಾಗರಕ್ಕೂ ಕೇರೆಗೂ ಸಂತಾನವಾಗುವುದಿಲ್ಲ.

ಕನ್ನಡದಲ್ಲಿ ಈ ವಿದ್ಯೆಯ ಪ್ರಮುಖ ಗ್ರಂಥವು ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'. ವಿಷವೈದ್ಯವನ್ನು ಕುರಿತ ಈ ಜೈನಕೃತಿಯು ತನ್ನ ಹೆಸರಿನಲ್ಲಿಯೇ ವಿನತೆಯ ಎರಡನೆಯ ಮಗನನ್ನು ಧರಿಸಿದೆ. ತಾಯಿಯು ತಾಳ್ಮೆಯಿಂದ ಕಾದ ತತ್ತಿಯಿಂದ ಹುಟ್ಟಿದವನೇ ವಿಷಕ್ಕೆ ಮದ್ದಾದನೆಂಬ ಭಾವನೆಯು ವೈದ್ಯಕವಿಗೂ ಸಮ್ಮತವಾಗಿದ್ದುದನ್ನು ಇದರಿಂದ ತಿಳಿಯಬಹುದು.

೫

ಇಷ್ಟೆಲ್ಲ ವಿಂಗಡಣೆಯ ಅಗತ್ಯವೇನೆಂಬ ಪ್ರಶ್ನೆಗೆ ಉತ್ತರವು ಕೊಕ್ಕನೂರಿನಂಥ ಊರಿನ ಗದ್ದೆಯಲ್ಲಿದೆ. ಹುಟ್ಟಿ ಇಪ್ಪತ್ತು ದಿನವಾಗುವವರೆಗೆ ಮರಿಗೆ ಹಲ್ಲಿಲ್ಲ, ಆದುದರಿಂದ ವಿಷವಿಲ್ಲ ಎಂಬುದು ಪುರಾಣದ ಮಾತಿನಿಂದ ಸುಲಭವಾಗಿ ಹೊರಡುವ ತಾತ್ಪರ್ಯ. ವಾಸ್ತವವಾಗಿ ನಾಗರಮರಿಯು ತತ್ತಿಯಿಂದ ತಲೆಯೆತ್ತುವಾಗಲೇ ಕೋರೆಯನ್ನೂ ವಿಷವನ್ನೂ ಪಡೆದಿರುತ್ತದೆ; ಹೆಡೆಯನ್ನೂ ಬಿಚ್ಚಬಲ್ಲುದು. ಭಾರತದಲ್ಲಿ ೨೦೦೦ದಿಂದ ೨೦೧೯ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು ಹನ್ನೆರಡು ಲಕ್ಷವೆಂದು, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ವೆಂದು, ೨೦೨೦ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಅವರಲ್ಲಿ ಬಹುಮಂದಿ ಹಳ್ಳಿಯವರು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡತಕ್ಕುದೆಂದು ವಿಧಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಪ್ರತಿವಿಷವು ಒಂದೇ ಸೀಸೆಯಲ್ಲಿ ದೊರೆಯುವಾಗ, ಮರಿಯ ಕಡಿತವೆಂದು ಉದಾಸೀನಮಾಡಿ ಕಳೆದ ಒಂದು ಗಳಿಗೆಯು ಪ್ರಾಣಕ್ಕೆ ಮುಳುವಾಗಬಹುದು. ಪುರಾಣದ ಈ ಭಾಗವನ್ನು ಬೋಧಿಸುವ ಉಪಾಧ್ಯಾಯನು ಇಲ್ಲಿ ಸುಮ್ಮನಿರಲಾಗದು.

ಹಾಗೆಂದು ಪುರಾಣವನ್ನು ಬೋಧನೆಯಿಂದ ಹೊರಗಿಡುವುದೂ ಸಲ್ಲದು. ಜೀವಶಾಸ್ತ್ರವೇ ಈಗ ಅದರ ಬಾಗಿಲಿಗೆ ಬಂದು ಹೆಸರುಗಳನ್ನು ಬೇಡುತ್ತಿದೆ. ಕಚ್ಛದ ಪಾನಂಧ್ರೊ ಗಣಿಯಲ್ಲಿ ದೊರೆತ, ಸುಮಾರು ನಾಲ್ಕು ಕೋಟಿ ಎಪ್ಪತ್ತು ಲಕ್ಷ ವರ್ಷಗಳ ಹಿಂದಿನ, ಹನ್ನೊಂದರಿಂದ ಹದಿನೈದು ಮೀಟರ್ ಉದ್ದವಿದ್ದಿರಬಹುದಾದ ಮಹಾಸರ್ಪದ ಅಸ್ಥಿಗಳಿಗೆ ೨೦೨೪ರಲ್ಲಿ ಕದ್ರುವಿನ ಮಗನಾದ ವಾಸುಕಿಯ ಹೆಸರನ್ನಿಟ್ಟರು. ಅದೇ ವರ್ಷ ಪಶ್ಚಿಮ ಘಟ್ಟಗಳ ಕಾಳಿಂಗಸರ್ಪವು ಪ್ರತ್ಯೇಕವಾದ ಜಾತಿಯೆಂದು ನಿರ್ಣೀತವಾಗಿ, ಕನ್ನಡದ 'ಕಾಳಿಂಗ'ವೆಂಬ ಶಬ್ದವೇ ಅದರ ಶಾಸ್ತ್ರೀಯ ನಾಮವಾಯಿತು. ಆಗುಂಬೆಯ ಕಾಡಿನಲ್ಲಿ ಎಲೆಗೂಡನ್ನು ಕಾಯುವ ತಾಯಿ ಈಗ ಲೋಕಕ್ಕೆಲ್ಲ ಕನ್ನಡದ ಹೆಸರಿನಿಂದ ಪರಿಚಿತಳು.

ಗುಜರಾತಿನ ಧೋಲಿ ಡುಂಗರಿಯಲ್ಲಿ ಸಿಕ್ಕಿ, ೨೦೧೦ರಲ್ಲಿ 'ಸನಾಜೆ' ಎಂಬ ಹೆಸರಿನಿಂದ ವರ್ಣಿಸಲ್ಪಟ್ಟ ಶಿಲಾವಶೇಷವು ಇನ್ನೂ ಅದ್ಭುತವಾದುದು. ಸುಮಾರು ಆರು ಕೋಟಿ ಎಪ್ಪತ್ತು ಲಕ್ಷ ವರ್ಷಗಳ ಹಿಂದೆ, ಡೈನೋಸಾರೆಂಬ ಮಹಾಸರೀಸೃಪದ ಗೂಡಿನೊಳಗೆ, ಒಡೆದ ಒಂದು ಮೊಟ್ಟೆಯನ್ನು ಸುತ್ತಿಕೊಂಡಿದ್ದ ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲಿ ಆಗತಾನೇ ಹುಟ್ಟಿದ ಮರಿ, ಇವೆಲ್ಲವೂ ಒಮ್ಮೆಲೇ ಮಣ್ಣಿನಲ್ಲಿ ಹೂತುಹೋಗಿ ಕಲ್ಲಾಗಿವೆ. ಇಂದಿನ ಹಕ್ಕಿಗಳು ಡೈನೋಸಾರುಗಳ ಸಂತತಿಯೆಂದು ಶಾಸ್ತ್ರಜ್ಞರು ಒಪ್ಪಿದ್ದಾರೆ. ಆ ಕಲ್ಲಿನಲ್ಲಿ ಸೆರೆಯಾಗಿರುವುದು ಹಾವಿನ ಕುಲವೂ ಹಕ್ಕಿಯ ಬಳಗವೂ ಒಂದು ತತ್ತಿಯ ಬಳಿ ಎದುರುಬದುರಾದ ಗಳಿಗೆ. ಕದ್ರು ವಿನತೆಯರ ಕಥೆಯನ್ನು ಕಟ್ಟಿದವನು ಇದನ್ನು ಕಂಡಿರಲಿಲ್ಲ. ಹುತ್ತವನ್ನೂ ಕಾವಿನ ಕೋಳಿಯನ್ನೂ ಕಂಡಿದ್ದನು. ಕಂಡಷ್ಟನ್ನು ಸರಿಯಾಗಿ ಕಂಡಿದ್ದನೆಂಬುದಕ್ಕೆ ಆ ಬೆಚ್ಚನೆಯ, ತೇವದ ಪಾತ್ರೆಯೂ ತೊಡೆಯಿಲ್ಲದ ಅರುಣನೂ ಸಾಕ್ಷಿಯಾಗಿದ್ದಾರೆ.